ಅಜ್ಜಿ ನಗುವ ಫೋಟೋ

"ಪುಟ್ಟೀ, ಅಜ್ಜಿ ಅಡಿಕೆ ಸುಲೀತಾ ನಗ್ತಿರೋ ಫೋಟೋ ಇತ್ತಲ್ಲ, ಅದನ್ನ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸ್ಕೊಂಡು ಬಾ. ಜಗಲಿಯಲ್ಲಿ ಹಾಕೋಣ." ಎರಡು ವರ್ಷದ ಹಿಂದೆ ಅಮ್ಮ ಫೋನಿನಲ್ಲಿ ಹೀಗೆ ಹೇಳಿದಾಗ ನನಗೆ ಅದೊಂದು ದೊಡ್ಡ ಕೆಲಸ ಅಂತಲೇ ಅನಿಸಲಿಲ್ಲ. ಆ ಫೋಟೋ ನನ್ನ ಕಣ್ಣ ಮುಂದೆಯೇ ಇತ್ತು. 2006ರ ಡಿಸೆಂಬರ್. ಸಾಗರದ ಹತ್ತಿರದ ನಮ್ಮೂರ ಮನೆ. ಅಡಿಕೆ ಕೊಯ್ಲಿನ ಗಡಿಬಿಡಿ. ರಾತ್ರಿ ಊಟ ಮುಗಿಸಿ ಎಂಟು ಹತ್ತು ಜನ ಹೆಂಗಸರು ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಅವರ ನಡುವೆ ಅಜ್ಜಿ. ಮೊದಮೊದಲ ಸಂಬಳದಲ್ಲಿ ದುಡ್ಡು ಕೂಡಿಸಿ ತಗೊಂಡಿದ್ದ 4 ಮೆಗಾಪಿಕ್ಸೆಲ್ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಅಜ್ಜಿಗೆ ಕ್ಯಾಮೆರಾ ಅಂದರೆ ಆಗುತ್ತಿರಲಿಲ್ಲ. ಎದುರಿಗೆ ಹಿಡಿದರೆ ಸಾಕು, ಸೆರಗು ಸರಿಮಾಡಿಕೊಂಡು, ತುಟಿ ಬಿಗಿದು, ಗುರುತಿನ ಚೀಟಿಗೆ ಕೂತ ಹಾಗೆ ಕೂರುತ್ತಿದ್ದಳು. ಆ ರಾತ್ರಿ ಪಕ್ಕದಲ್ಲಿದ್ದವಳು ಏನೋ ಹೇಳಿದಳು. ಅಜ್ಜಿ ತಲೆ ಎತ್ತಿ ಬೊಚ್ಚು ಬಾಯಿ ತುಂಬಾ ನಕ್ಕಳು. ಅದೇ ಹೊತ್ತಿಗೆ ಫ್ಲ್ಯಾಶ್ ಬೆಳಗಿತು. ಅಜ್ಜಿ ನಗುತ್ತಿರುವ ಫೋಟೋ ಅಂತ ನಮ್ಮ ಹತ್ತಿರ ಇದ್ದದ್ದು ಅದೊಂದೇ.

ಅದು ಹಾರ್ಡ್ ಡಿಸ್ಕಿನಲ್ಲಿತ್ತು. ಹಾರ್ಡ್ ಡಿಸ್ಕ್ ಬೀರುವಿನಲ್ಲಿತ್ತು. ಹಳೇ ಲ್ಯಾಪ್‌ಟಾಪ್ ಕೊಡುವಾಗ 2004ರಿಂದ 2015ರವರೆಗಿನ ಎಲ್ಲ ಫೋಟೋಗಳನ್ನೂ ಅದಕ್ಕೆ ತುಂಬಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಡವೆ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೆ. ವರ್ಷಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಮುಟ್ಟದೆ ಇರುವುದೇ ಜೋಪಾನ ಅಂದುಕೊಂಡಿದ್ದೆ. ಆವತ್ತು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಣ್ಣ ನೀಲಿ ದೀಪ ಹತ್ತಿತು. ಆಮೇಲೆ ಟಕ್, ಟಕ್, ಟಕ್. ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ಟಕ್, ಟಕ್, ಟಕ್. ಗೋಡೆ ಮೇಲೆ ಹಲ್ಲಿ ಲೊಚಗುಟ್ಟುವುದು ಗೊತ್ತಲ್ಲ, ಹಾಗೆ. ಆದರೆ ಅಳೆದು ಹೊಡೆದ ಹಾಗೆ ಒಂದೇ ಸಮ. ಪರದೆಯ ಮೇಲೆ ಏನೂ ಬರಲಿಲ್ಲ. ವೈರು ಬದಲಿಸಿದೆ. ಬೇರೆ ಯುಎಸ್‌ಬಿಗೆ ಹಾಕಿದೆ. ಮನೆಯವರ ಲ್ಯಾಪ್‌ಟಾಪಿಗೆ ಹಾಕಿದೆ. ಏಳೆಂಟು ಸಲ ಪ್ರಯತ್ನ ಮಾಡಿದೆ. ಒಂದೊಂದು ಸಲಕ್ಕೂ ಎದೆ ಇನ್ನಷ್ಟು ಭಾರ ಆಗುತ್ತಾ ಹೋಯಿತು.

ಡೇಟಾ ರಿಕವರಿ ಮಾಡುವವರ ಹತ್ತಿರ ತಗೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಸಲ ಆನ್ ಮಾಡಿದ್ರಿ ಮೇಡಂ?" ಏಳೆಂಟು ಸಲ ಅಂದೆ. ಅವರು ಏನೂ ಹೇಳಲಿಲ್ಲ. ಮೇಜಿನ ಖಾನೆಯಿಂದ ಬಿಚ್ಚಿದ ಹಳೇ ಡಿಸ್ಕೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ಕನ್ನಡಿಯಂಥ ತಟ್ಟೆ. ನನ್ನ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮೇಲೆ ಸೂಜಿಯಷ್ಟು ಸಪೂರದ ಒಂದು ತೋಳು. ತೋಳಿನ ತುದಿಗೆ, ತಟ್ಟೆಯ ಮೇಲಿನ ಮಾಹಿತಿ ಓದುವ, ಎಳ್ಳಿಗಿಂತ ಚಿಕ್ಕದೊಂದು ಹೆಡ್. ಆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಕೆಲವು ಡಿಸ್ಕುಗಳಲ್ಲಿ 7200. ಹೆಡ್ಡು ಅದನ್ನು ಮುಟ್ಟುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ. ಎರಡರ ನಡುವಿನ ಸಂದು ಕೆಲವೇ ನ್ಯಾನೋಮೀಟರ್. ನಮ್ಮ ಒಂದು ತಲೆಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುತ್ತದೆ. ಇಷ್ಟು ಹತ್ತಿರ ತೇಲುವ ಹೆಡ್ಡು ಕೆಟ್ಟರೆ ತನ್ನ ಜಾಗ ಹುಡುಕಲಾರದೆ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ಆ ಟಕ್ ಟಕ್ ಅದೇ. ತಟ್ಟೆಗೆ ತಾಗಿದರೆ ಗೀರು. ಗೀರಿದ್ದು ಹೋಯಿತು, ಮತ್ತೆ ಬರಲ್ಲ. "ಸದ್ದು ಬಂತು ಅಂದ್ರೆ ತಕ್ಷಣ ತೆಗೆದುಬಿಡ್ಬೇಕು ಮೇಡಂ. ಇನ್ನೊಂದು ಸಲ ಆನ್ ಮಾಡಲೇಬಾರದು" ಅಂದರು. ಹತ್ತು ದಿನ ಬಿಟ್ಟು ನನ್ನ ಡಿಸ್ಕ್ ವಾಪಸ್ ಕೊಟ್ಟರು. ದೋಸೆ ಕಾವಲಿ ಮೇಲೆ ಸಟ್ಟುಗದ ಗೀರು ಬಿದ್ದ ಹಾಗೆ ತಟ್ಟೆಯ ಮೇಲೆ ಒಂದು ಮಂಕಾದ ಬಳೆ ಇತ್ತು ಅಂತ ತೋರಿಸಿದರು. ಹನ್ನೊಂದು ವರ್ಷದ ಫೋಟೋಗಳ ಮೇಲೆ ಆ ಬಳೆ.

ಹೊರಡುವಾಗ ಕೇಳಿದೆ, "ಹಾಗಾದ್ರೆ ಇನ್ಮೇಲೆ ಯಾವ ಕಂಪನಿದು ತಗೊಳ್ಳಲಿ?" ಅವರು ಹೇಳಿದ್ದು ಇಷ್ಟೇ: "ಯಾವುದಾದ್ರೂ ತಗೊಳ್ಳಿ. ಎರಡು ತಗೊಳ್ಳಿ."

ಗಟ್ಟಿಯಾದದ್ದು ಯಾವುದು?

ಆ ಉತ್ತರ ಆಗ ನನಗೆ ಸಾಕಾಗಲಿಲ್ಲ. ಕಳೆದುಕೊಂಡವರಿಗೆ ಗಟ್ಟಿಯಾದ ಒಂದು ಪೆಟ್ಟಿಗೆ ಬೇಕು ಅನಿಸುತ್ತದೆ. ಒಂದು ಸಲ ದುಡ್ಡು ಹಾಕಿ, ಎಲ್ಲವನ್ನೂ ಅದರೊಳಗಿಟ್ಟು, ನಿಶ್ಚಿಂತೆಯಾಗಿ ಮಲಗಬೇಕು ಅನಿಸುತ್ತದೆ. ಅಂಥ ಪೆಟ್ಟಿಗೆ ಹುಡುಕುತ್ತಾ ತಿಂಗಳುಗಟ್ಟಲೆ ಓದಿದೆ, ಕಂಡಕಂಡವರನ್ನು ಕೇಳಿದೆ.

ಮೊದಲು ಹಾರ್ಡ್ ಡಿಸ್ಕಿನ ವಿಷಯ. ಬ್ಯಾಕ್‌ಬ್ಲೇಜ್ ಅನ್ನುವ ಅಮೆರಿಕದ ಕ್ಲೌಡ್ ಕಂಪನಿ ತನ್ನಲ್ಲಿರುವ ಲಕ್ಷಗಟ್ಟಲೆ ಡಿಸ್ಕುಗಳ ಲೆಕ್ಕವನ್ನು 2013ರಿಂದ ಇಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸುತ್ತಾ ಬಂದಿದೆ. ವರ್ಷಕ್ಕೆ ನೂರರಲ್ಲಿ ಎಷ್ಟು ಕೆಟ್ಟವು ಅನ್ನುವ ಲೆಕ್ಕ ಅದು. 2022ರಲ್ಲಿ 1.37, 2023ರಲ್ಲಿ 1.70, 2024ರಲ್ಲಿ 1.57. ಓದಿದಾಗ ಇಷ್ಟೇನಾ ಅನಿಸಿತು. ಆದರೆ ಅದು ಹವಾ ಹದಮಾಡಿದ ಕಟ್ಟಡದಲ್ಲಿ, ಹಗಲು ರಾತ್ರಿ ಕಾವಲಿರುವ ಡಿಸ್ಕುಗಳ ಮಾತು. ನಮ್ಮ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತ ಡಿಸ್ಕಿಗೆ ಕಾವಲು ಯಾರು? ಅದು ಯಾವಾಗ ಸತ್ತಿತು ಅನ್ನುವುದೂ ನನಗೆ ಗೊತ್ತಿಲ್ಲ. ಇನ್ನೊಂದು ಮಾತು. ನೂರರಲ್ಲಿ ಒಂದೂವರೆ ಅನ್ನುವುದು ನೂರು ಡಿಸ್ಕ್ ಇರುವವರಿಗೆ ಒಂದು ಖರ್ಚು. ಒಂದೇ ಡಿಸ್ಕ್ ಇರುವವರಿಗೆ ಇದ್ದರೆ ಎಲ್ಲ ಇದೆ, ಇಲ್ಲ ಅಂದರೆ ಏನೂ ಇಲ್ಲ.

ಹಾಗಾದರೆ ಚಿಪ್ಪಿನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ? ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಹೆಡ್ ಇಲ್ಲ. ಕೈಜಾರಿ ಬಿದ್ದರೂ ಸುಲಭಕ್ಕೆ ಏನೂ ಆಗುವುದಿಲ್ಲ. ದಿನಾ ಬಳಸುವುದಕ್ಕೆ ಅದೇ ಒಳ್ಳೆಯದು, ಸಂಶಯ ಇಲ್ಲ. ಆದರೆ ಬೀರುವಿನಲ್ಲಿ ಇಟ್ಟು ಮರೆಯುವುದಕ್ಕೆ ಅಲ್ಲ. ಎಸ್‌ಎಸ್‌ಡಿ, ಪೆನ್ ಡ್ರೈವ್, ಮೆಮೊರಿ ಕಾರ್ಡ್ ಮೂರೂ ಫೋಟೋವನ್ನು ವಿದ್ಯುತ್ತಿನ ಚಾರ್ಜಿನ ರೂಪದಲ್ಲಿ ಸಣ್ಣ ಸಣ್ಣ ಗೂಡುಗಳಲ್ಲಿ ಹಿಡಿದಿಡುತ್ತವೆ. ಕರೆಂಟ್ ಕೊಡದೆ ಇಟ್ಟರೆ ಆ ಚಾರ್ಜು ನಿಧಾನಕ್ಕೆ ಸೋರುತ್ತದೆ. ಸೆಖೆಯಲ್ಲಿ ಇನ್ನೂ ಜಾಸ್ತಿ. ಈ ಉದ್ಯಮ ತನಗೆ ತಾನೇ ಹಾಕಿಕೊಂಡ ಒಂದು ಅಳತೆ ಇದೆ. ಮನೆಬಳಕೆಯ ಎಸ್‌ಎಸ್‌ಡಿ ಬರೆದು ಅಳಿಸಿ ತನ್ನ ಆಯುಸ್ಸು ಪೂರ್ತಿ ಸವೆಸಿದ ಮೇಲೂ 30 ಡಿಗ್ರಿಯಲ್ಲಿ, ಕರೆಂಟಿಲ್ಲದೆ, 1 ವರ್ಷ ಮಾಹಿತಿ ಹಿಡಿದಿಟ್ಟುಕೊಳ್ಳಬೇಕು ಅಂತ. ಹೊಸದು ಅದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ, ಹೆದರಬೇಕಿಲ್ಲ. ಆದರೂ ಹತ್ತು ವರ್ಷ ಸುಮ್ನೆ ಇಟ್ಟು ನಂಬುವ ವಸ್ತು ಅಲ್ಲ ಅದು. ಕೆಡುವಾಗ ಟಕ್ ಅಂತಲೂ ಅನ್ನದೆ ಕೆಡಬಹುದು.

ಪೆನ್ ಡ್ರೈವ್ ಬಗ್ಗೆ ಒಂದೇ ಮಾತು. ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಅಂತ ಎಲ್ಲಾದರೂ ಕಂಡರೆ ದಯವಿಟ್ಟು ತಗೊಳ್ಳಬೇಡಿ. ಒಳಗಿರುವ ಚಿಪ್ಪು ಚಿಕ್ಕದು. 2 ಟಿಬಿ ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುವ ಹಾಗೆ ಅದನ್ನು ತಿದ್ದಿರುತ್ತಾರೆ. ನೀವು ಹಾಕಿದ ಫೋಟೋಗಳ ಹೆಸರೆಲ್ಲ ಕಾಣುತ್ತವೆ. ತೆರೆದರೆ ಒಳಗೆ ಏನೂ ಇರುವುದಿಲ್ಲ. ಈ ಮೋಸ ಹಿಡಿಯುವುದಕ್ಕೆ ಎಫ್3, ಎಚ್2ಟೆಸ್ಟ್‌ಡಬ್ಲ್ಯು ಅಂತ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಹೊಸ ಕಾರ್ಡ್ ತಂದರೆ ಮೊದಲು ಅದರಲ್ಲಿ ತುಂಬಾ ಬರೆಸಿ, ವಾಪಸ್ ಓದಿಸಿ ನೋಡುವುದು ನನಗೆ ಈಗ ಅಭ್ಯಾಸವಾಗಿದೆ.

ಬಾಲ್‌ಪೆನ್ನಿನಲ್ಲಿ ಬರೆದ ಸೀಡಿ

ಅಮ್ಮನಿಗೆ ಫೋಟೋ ಹೋಯಿತು ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ. ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಹುಡುಕಿದೆ. 2007ರಲ್ಲಿ ಒಂದಷ್ಟು ಫೋಟೋಗಳನ್ನು ಸೀಡಿಗೆ ಹಾಕಿದ ನೆನಪು ಮಸುಕಾಗಿ ಇತ್ತು. ಸಿಕ್ಕಿತು! ಪ್ಲಾಸ್ಟಿಕ್ ಕವರಿನಲ್ಲಿ, ಹಳೇ ಪಂಚಾಂಗಗಳ ಕೆಳಗೆ. ಮೇಲೆ ನನ್ನದೇ ಅಕ್ಷರ: "ಊರು, ಅಜ್ಜಿ, ಕೊಯ್ಲು 2006". ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದೆ.

ಸೀಡಿಯ ಕೆಳಮುಖ, ಅಂದರೆ ಹೊಳೆಯುವ ಕಡೆ, ನಾಜೂಕು ಅಂತ ನಾವೆಲ್ಲ ಹುಷಾರಾಗಿ ಹಿಡಿಯುತ್ತಿದ್ದೆವು, ಅಲ್ವಾ? ನಿಜದಲ್ಲಿ ಹೆಚ್ಚು ನಾಜೂಕಾದದ್ದು ಮೇಲ್ಮುಖ. ಮಾಹಿತಿ ಇರುವ ಬಣ್ಣದ ಪದರ, ಅದರ ಮೇಲಿನ ಬೆಳ್ಳಿಯ ಹಾಗೆ ಹೊಳೆಯುವ ಪದರ ಎರಡೂ ಹೆಸರು ಬರೆಯುವ ಕಡೆಗೇ ಅಂಟಿಕೊಂಡಿರುತ್ತವೆ. ಮೇಲೆ ತೆಳ್ಳಗೆ ಒಂದು ಲೇಪ ಅಷ್ಟೇ. ಡಿವಿಡಿಯಲ್ಲಾದರೆ ಆ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ. ಸೀಡಿಯಲ್ಲಿ ಆ ರಕ್ಷಣೆ ಇಲ್ಲ. ನಾನು "ಅಜ್ಜಿ" ಅಂತ ಒತ್ತಿ ಬರೆದ ಜಾಗದಲ್ಲಿ ಬೆಳ್ಳಿ ಪದರ ಬಿಟ್ಟುಕೊಂಡಿತ್ತು. ಬೆಳಕಿಗೆ ಹಿಡಿದರೆ ಅಕ್ಷರದ ಗೀರಿನ ಉದ್ದಕ್ಕೂ ಬಿಸಿಲು ಈ ಕಡೆಗೆ ಬರುತ್ತಿತ್ತು. ಅಂಚಿನಲ್ಲಿ ಮಲೆನಾಡಿನ ಎಷ್ಟೋ ಮಳೆಗಾಲ ಸೇರಿ ಬೆಳೆಸಿದ ಬೂಸಲು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀಡಿ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ಬೇಡಿ ತಂದೆ. ಓದಲಾಗದ ಕಡೆ ಬಿಟ್ಟು, ಓದಲಾದಷ್ಟನ್ನು ಎತ್ತುವ ಸಾಫ್ಟ್‌ವೇರ್ ಹಾಕಿ ರಾತ್ರಿ ಪೂರ್ತಿ ಓಡಿಸಿದೆ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಫೋಟೋ ಬಂದಿದ್ದವು. ಅಜ್ಜಿಯ ಫೋಟೋವೂ ಇತ್ತು. ತೆರೆದೆ. ಜೆಪೆಗ್ ಫೋಟೋ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಮಧ್ಯೆ ಮಾಹಿತಿ ಕಳೆದಿದ್ದರೆ ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ. ಹಂಚಿನ ಮಾಡು ಬಂತು. ತೂಗುಬಿಟ್ಟ ಬಲ್ಬು ಬಂತು. ಅಜ್ಜಿಯ ಬಿಳಿ ಕೂದಲು, ಹಣೆ, ಮುಚ್ಚಿದ ಹಾಗಿರುವ ಕಣ್ಣು. ಅಲ್ಲಿಗೆ ನಿಂತಿತು. ಕಣ್ಣಿನ ಕೆಳಗೆ ಬೂದಿ. ಅಜ್ಜಿ ನಗುತ್ತಿದ್ದಾಳೆ ಅನ್ನುವುದು ಕಣ್ಣಂಚಿನ ಸುಕ್ಕಿನಲ್ಲಿ ಗೊತ್ತಾಗುತ್ತಿತ್ತು. ನಗು ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಮ್ಮ ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

(ಎಂ-ಡಿಸ್ಕ್ ಅಂತ ಒಂದು ಬಗೆ ಇದೆ. ಅದರಲ್ಲಿ ಸೀಡಿಯ ಹಾಗೆ ಮಾಸುವ ಬಣ್ಣ ಇಲ್ಲ, ಕಲ್ಲಿನಂಥ ಪದರದಲ್ಲಿ ಬರೆಯುತ್ತದೆ. ಸಾವಿರ ವರ್ಷ ಬಾಳುತ್ತದೆ ಅಂತ ಮಾಡಿದವರು ಹೇಳುತ್ತಾರೆ. 25 ಜಿಬಿ, 100 ಜಿಬಿ ಅಳತೆಯಲ್ಲಿ ಬಂದಿವೆ. ಡಿಸ್ಕ್ ಸಾವಿರ ವರ್ಷ ಇದ್ದೀತು, ಓದುವ ಯಂತ್ರ ಎಲ್ಲಿಂದ ತರುವುದು? ಒಂದು ಸೀಡಿ ಡ್ರೈವಿಗೆ ನಾನು ಪಟ್ಟ ಪಾಡು ನೆನೆದು ಅದನ್ನು ಕೈಬಿಟ್ಟೆ.)

ಮೋಡದ ಮೇಲೆ ಇಟ್ಟರೆ?

ಎಲ್ಲರೂ ಹೇಳುವುದು ಇದೇ. ಕ್ಲೌಡಿಗೆ ಹಾಕಿಬಿಡು, ತಲೆಬಿಸಿ ಇಲ್ಲ. ಹೌದು, ಅದು ನಿಜಕ್ಕೂ ಒಳ್ಳೆಯ ಜಾಗ. ನಾನೂ ಇಟ್ಟಿದ್ದೇನೆ. ಫೋನ್ ಕಳೆದುಹೋದ ಎಷ್ಟೋ ಜನರ ಮಕ್ಕಳ ಫೋಟೋ ಉಳಿದಿರುವುದು ಅದರಿಂದಲೇ. ಆದರೆ ಅದು ಬಾಡಿಗೆ ಮನೆ. ಬಾಡಿಗೆಯ ಕರಾರು ಬದಲಾಗುತ್ತದೆ.

ನಮ್ಮ ಕಾಲೇಜಿನ ಗೆಳೆಯರ ಫೋಟೋಗಳೆಲ್ಲ ಆರ್ಕುಟ್‌ನಲ್ಲಿದ್ದವು. ಅದು 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಫೋಟೋ ಇಡುವ ತಾಣಗಳಲ್ಲಿ ಪಿಕಾಸಾ 2016ರಲ್ಲಿ ನಿಂತಿತು. ಫ್ಲಿಕರ್ 2013ರಲ್ಲಿ ಎಲ್ಲರಿಗೂ 1 ಟಿಬಿ ಪುಕ್ಕಟೆ ಅಂದಿತು. 2018ರಲ್ಲಿ ಕಂಪನಿ ಕೈ ಬದಲಾಯಿತು, ಪುಕ್ಕಟೆ ಖಾತೆಗೆ 1000 ಫೋಟೋ ಮಾತ್ರ ಅಂತಾಯಿತು. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ, ಸ್ವಲ್ಪ ಕುಗ್ಗಿಸಿದ ಫೋಟೋ ಆದರೆ ಎಷ್ಟು ಬೇಕಾದರೂ ಹಾಕಿ ಅಂದಿತು. 2021ರ ಜೂನ್ 1ರಿಂದ ಅದೂ 15 ಜಿಬಿ ಲೆಕ್ಕಕ್ಕೆ ಬಂತು. ಆ 15 ಜಿಬಿಯಲ್ಲೇ ಜಿಮೇಲೂ ಇರಬೇಕು, ಗೂಗಲ್ ಡ್ರೈವೂ ಇರಬೇಕು. ಇವರೆಲ್ಲ ಮುಂಚಿತವಾಗಿ ಹೇಳಿಯೇ ಮಾಡಿದರು, ಮೋಸ ಅನ್ನಲಾರೆ. ಆದರೆ ಅವರು ಹೇಳಿದ್ದನ್ನು ಓದುವ ಸ್ಥಿತಿಯಲ್ಲಿ ನಾವು ಇರಬೇಕಲ್ಲ? ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಅನ್ನುವ ನಿಯಮ ಗೂಗಲ್‌ನಲ್ಲಿ ಈಗ ಇದೆ. ತೀರಿಕೊಂಡ ಅಪ್ಪನ ಖಾತೆಯನ್ನು ಎಷ್ಟು ಮನೆಗಳಲ್ಲಿ ತೆರೆದು ನೋಡಿದ್ದಾರೆ?

ಕ್ಲೌಡ್ ಅಂದರೂ ಅದು ಎಲ್ಲೋ ನೆಲದ ಮೇಲಿನ ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಇಡೀ ಕಟ್ಟಡ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಡದವರ ಮಾಹಿತಿ ಅಲ್ಲಿಗೆ ಮುಗಿಯಿತು.

ಇದೆಲ್ಲಕ್ಕಿಂತ ನನಗೆ ಭಯವಾಗುವುದು ಒಂದು ಸಣ್ಣ ವಿಷಯಕ್ಕೆ. ಸಿಂಕ್, ಅಂದರೆ ಎರಡೂ ಕಡೆ ಒಂದೇ ಥರ ಇರುವ ಹಾಗೆ ಮಾಡುವುದು ಬೇರೆ; ಬ್ಯಾಕಪ್, ಅಂದರೆ ಬೇರೆಯಾಗಿ ಪ್ರತಿ ಇಡುವುದು ಬೇರೆ. ಫೋನಿನಲ್ಲಿ ಜಾಗ ಇಲ್ಲ ಅಂತ ಫೋಟೋ ಅಳಿಸಿದರೆ ಎಷ್ಟೋ ಆ್ಯಪ್‌ಗಳು ಕ್ಲೌಡಿನಿಂದಲೂ ಅಳಿಸುತ್ತವೆ. ಕನ್ನಡಿಯ ಮುಂದೆ ನಿಂತವರು ಹೋದರೆ ಕನ್ನಡಿಯೊಳಗಿನವರೂ ಹೋಗುತ್ತಾರೆ. ಕಸದ ಬುಟ್ಟಿಯಲ್ಲಿ ಸ್ವಲ್ಪ ದಿನ ಇರುತ್ತದೆ ನಿಜ. ಆದರೆ ಅಳಿಸಿದ್ದು ತಪ್ಪಾಯಿತು ಅಂತ ನಮಗೆ ಗೊತ್ತಾಗುವುದು ಸಾಮಾನ್ಯವಾಗಿ ವರ್ಷಗಳ ಮೇಲೆ, ಯಾರೋ ಆ ಫೋಟೋ ಕೇಳಿದಾಗ.

ಸಾವಿರ ಪ್ರತಿ

ಇಷ್ಟೆಲ್ಲ ಓದುವ ಹೊತ್ತಿಗೆ ಆ ರಿಕವರಿಯವರ ಮಾತು ನನಗೆ ಅರ್ಥವಾಗತೊಡಗಿತ್ತು. ಯಾವುದಾದರೂ ತಗೊಳ್ಳಿ, ಎರಡು ತಗೊಳ್ಳಿ. ನಾನು ಹುಡುಕುತ್ತಿದ್ದ ಗಟ್ಟಿ ಪೆಟ್ಟಿಗೆ ಯಾವ ಕಾಲದಲ್ಲೂ ಇರಲಿಲ್ಲ. ಓಲೆಗರಿಯನ್ನೇ ನೋಡಿ. ಗೆದ್ದಲು, ಹುಳ, ಮಳೆ, ಬೆಂಕಿ ಎಲ್ಲವೂ ಅದಕ್ಕೆ ಶತ್ರು. ಆದರೂ ಸಾವಿರ ವರ್ಷದ ಹಿಂದಿನ ಕನ್ನಡ ಕಾವ್ಯ ನಮ್ಮ ಕೈಗೆ ಬಂದಿದೆ. ಬಂದದ್ದು ಓಲೆ ಗಟ್ಟಿ ಇತ್ತು ಅಂತಲ್ಲ. ಹಳೆಯದು ಹಾಳಾಗುವ ಮೊದಲು ಯಾರೋ ಕೂತು ಹೊಸ ಓಲೆಗೆ ಬರೆದುಕೊಂಡರು. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಆಗ ಅದು ದಾನದ ಕತೆ ಅಂತ ಓದಿದ್ದೆ. ಈಗ ಓದಿದರೆ ಮೈ ಜುಮ್ಮೆನ್ನುತ್ತದೆ. ಸಾವಿರ ಪ್ರತಿ, ಸಾವಿರ ಕೈಗೆ! ಶಾಂತಿಪುರಾಣ ಇವತ್ತಿಗೂ ಇದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ.

ಇವತ್ತಿನ ಫೋಟೋಗ್ರಾಫರುಗಳಲ್ಲಿ ಇದಕ್ಕೊಂದು ಸೂತ್ರ ಇದೆ. ಮೂರು, ಎರಡು, ಒಂದು. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಇದನ್ನು ಜನಪ್ರಿಯ ಮಾಡಿದವರು. ಒಟ್ಟು ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ವಸ್ತುವಿನ ಮೇಲೆ ಇರಲಿ. ಒಂದಾದರೂ ಬೇರೆ ಊರಿನಲ್ಲಿ, ಇಲ್ಲವೇ ಬೇರೆ ಮನೆಯಲ್ಲಿ ಇರಲಿ. ಆ ಕೊನೆಯ ಮಾತಿನ ತೂಕ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಾಗಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರು ಎಷ್ಟು ಜನ! ಬೀರುವಿನಲ್ಲಿ ಒಂದಿದ್ದರೂ ಹತ್ತಿದ್ದರೂ ಅಂಥ ದಿನ ಎಲ್ಲ ಒಂದೇ. ಗುಡುಗು ಸಿಡಿಲಿನ ತಿಂಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಟಿವಿ, ಮೋಡೆಮ್ ಸುಟ್ಟುಹೋಗುವುದು ಹೊಸದಲ್ಲ. ಅದೇ ಪ್ಲಗ್ಗಿಗೆ ಸಿಕ್ಕಿಸಿಟ್ಟ ಡಿಸ್ಕುಗಳೂ ಹೋಗುತ್ತವೆ.

ಈಗ ನಾನು ಮಾಡುತ್ತಿರುವುದು

ಎರಡು ಹಾರ್ಡ್ ಡಿಸ್ಕ್ ತಗೊಂಡೆ. ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ತಿಂಗಳಲ್ಲಿ. ಒಂದೇ ದಿನ ಒಂದೇ ಜಾತಿಯದನ್ನು ಜೋಡಿ ತಗೊಂಡರೆ ಒಂದರ ರೋಗ ಇನ್ನೊಂದಕ್ಕೂ ಇರಬಹುದು. ಒಂದು ಬೆಂಗಳೂರಿನ ನಮ್ಮ ಮನೆಯಲ್ಲಿದೆ. ಇನ್ನೊಂದು ಹುಬ್ಬಳ್ಳಿಯಲ್ಲಿ ತಮ್ಮನ ಮನೆಯಲ್ಲಿ. ಯುಗಾದಿಗೂ ದೀಪಾವಳಿಗೂ ಊರಿನಲ್ಲಿ ಸೇರಿದಾಗ ಎರಡನ್ನೂ ತರುತ್ತೇವೆ. ಹೊಸ ಫೋಟೋಗಳನ್ನು ಎರಡಕ್ಕೂ ಹಾಕಿ, ಡಿಸ್ಕ್ ಅದಲುಬದಲು ಮಾಡಿಕೊಂಡು ಹೋಗುತ್ತೇವೆ. ಹೀಗಾಗಿ ವರ್ಷಕ್ಕೆ ಎರಡು ಸಲವಾದರೂ ಎರಡೂ ಡಿಸ್ಕ್ ತಿರುಗುತ್ತವೆ. ಮೂರನೇ ಪ್ರತಿ ಕ್ಲೌಡಿನಲ್ಲಿ, ದುಡ್ಡು ಕೊಟ್ಟು. ಮನೆಯಲ್ಲಿರುವ ಡಿಸ್ಕು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ಕೆಲಸ ಮುಗಿದ ತಕ್ಷಣ ವೈರು ಬಿಚ್ಚುತ್ತೇನೆ.

ಎಷ್ಟು ಜಾಗ ಬೇಕು ಅಂತ ಕೆಲವರು ಹೆದರುತ್ತಾರೆ. ಲೆಕ್ಕ ಹಾಕಿ. ಒಂದು ಫೋಟೋಗೆ 4 ಎಂಬಿ ಅಂತ ಇಟ್ಟುಕೊಂಡರೂ 20,000 ಫೋಟೋಗೆ ಸುಮಾರು 80 ಜಿಬಿ ಅಷ್ಟೇ. ಜಾಗ ತಿನ್ನುವುದು ವಿಡಿಯೋ. ಆಮೇಲೆ ವಾಟ್ಸಾಪಿನಲ್ಲಿ ಬಂದ ಗುಡ್ ಮಾರ್ನಿಂಗ್ ಹೂವುಗಳು. ಮೊದಲು ಅವನ್ನು ತೆಗೆದುಬಿಡಿ. ಅಂದ ಹಾಗೆ ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗುತ್ತದೆ, ತೆಗೆದ ದಿನ, ಜಾಗದ ವಿವರವೂ ಉದುರಿಹೋಗುತ್ತದೆ. ಮನೆಯವರ ನಡುವೆ ಕಳಿಸುವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಫೋಟೋ ಇದ್ದ ಹಾಗೆಯೇ ಬರುತ್ತದೆ.

ಪ್ರತಿ ಮಾಡಿದರೆ ಮುಗಿಯಲಿಲ್ಲ, ಅದು ಸರಿಯಾಗಿ ಬಂತಾ ಅಂತ ನೋಡಬೇಕು. ಟೆರಾಕಾಪಿಯಂಥ ಸಾಫ್ಟ್‌ವೇರ್ ನಕಲು ಮಾಡಿದ ಮೇಲೆ ಎರಡನ್ನೂ ಹೋಲಿಸಿ ಹೇಳುತ್ತದೆ. ನಾನು ಪ್ರತಿ ವರ್ಷದ ಫೋಲ್ಡರಿಗೂ ಶಾ-256 ಅನ್ನುವ ಗುರುತಿನ ಪಟ್ಟಿ ಮಾಡಿಡುತ್ತೇನೆ. ಒಂದೊಂದು ಫೋಟೋಗೂ 64 ಅಕ್ಷರದ ಒಂದು ಬೆರಳಚ್ಚು ಅಂತ ಇಟ್ಟುಕೊಳ್ಳಿ. ಫೋಟೋದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಹಬ್ಬಕ್ಕೆ ಸೇರಿದಾಗ ಒಂದು ಸಲ ಪಟ್ಟಿ ತಾಳೆ ನೋಡಿದರೆ ಯಾವುದು ಕೆಟ್ಟಿದೆ ಗೊತ್ತಾಗುತ್ತದೆ. ಕೆಟ್ಟದ್ದನ್ನು ಇನ್ನೊಂದು ಡಿಸ್ಕಿನಿಂದ ತಂದುಕೊಳ್ಳಬಹುದು. ಅಜ್ಜಿಯ ಫೋಟೋದ ಅರ್ಧಕ್ಕೆ ಬಂದ ಆ ಬೂದಿ ಬಣ್ಣವನ್ನು ನಾನು ಇನ್ನೊಂದು ಸಲ ನೋಡಲಾರೆ.

ಡಿಸ್ಕಿಗೆ ಪಾಸ್‌ವರ್ಡ್ ಹಾಕಿಲ್ಲ. ಇದಕ್ಕೆ ತಿಳಿದವರು ಬೈಯುತ್ತಾರೆ. ಆಧಾರ್, ಬ್ಯಾಂಕಿನ ಕಾಗದಗಳು ಬೇರೆ ಕಡೆ ಬೀಗದೊಳಗೆ ಇವೆ. ಆದರೆ ಮದುವೆ, ನಾಮಕರಣ, ಕೊಯ್ಲಿನ ಫೋಟೋಗಳನ್ನು ಯಾರೋ ಕದ್ದಾರು ಅನ್ನುವ ಭಯಕ್ಕಿಂತ, ನನ್ನ ನಂತರ ಮನೆಯವರಿಗೆ ತೆರೆಯಲು ಬಾರದೆ ಹೋದೀತು ಅನ್ನುವ ಭಯ ನನಗೆ ಜಾಸ್ತಿ. ಗೂಗಲ್ ಖಾತೆಯಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ. ನಾವು ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಇಂಥವರಿಗೆ ಕೊಡಿ ಅಂತ ಮೊದಲೇ ಬರೆದಿಡಬಹುದು. ತಮ್ಮನ ಹೆಸರು ಹಾಕಿದ್ದೇನೆ.

ಹೆಸರುಗಳು

ಅಜ್ಜಿಯ ಫೋಟೋ ಕೊನೆಗೂ ಸಿಕ್ಕಿತು. ಶಿರಸಿಯಲ್ಲಿ ಚಿಕ್ಕಮ್ಮನ ಮನೆಯ ಆಲ್ಬಮ್ಮಿನಲ್ಲಿ. 2007ರಲ್ಲಿ ಸ್ಟುಡಿಯೋದಲ್ಲಿ ನಾಲ್ಕು ಪ್ರಿಂಟ್ ಹಾಕಿಸಿ ನಾನೇ ಹಂಚಿದ್ದೆನಂತೆ. ನನಗೆ ಅದರ ನೆನಪೇ ಇರಲಿಲ್ಲ. ಅಂಟು ಹಾಳೆಯ ಆಲ್ಬಮ್ ಅದು. ಮೂಲೆ ಹಿಡಿದು ಎಳೆದರೆ ಹರಿಯುವ ಹಾಗಿತ್ತು. ಚಿಕ್ಕಮ್ಮ ಹೊಲಿಗೆಯ ದಾರ ತಂದು, ಎರಡು ತುದಿ ಹಿಡಿದು, ಫೋಟೋದ ಹಿಂದೆ ಸ್ವಲ್ಪ ಸ್ವಲ್ಪವಾಗಿ ಗರಗಸದ ಹಾಗೆ ಎಳೆಯುತ್ತಾ ಬಿಡಿಸಿದರು. ಅರ್ಧ ಗಂಟೆ ಹಿಡಿಯಿತು. ಅಂಚು ಸ್ವಲ್ಪ ಹಳದಿ. ನಗು ಹಾಗೆಯೇ ಇತ್ತು. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿಸಿದೆ. ಅದಾದ ಮೇಲೆ ಪ್ರತಿ ವರ್ಷ ಐವತ್ತು ಫೋಟೋ ಆರಿಸಿ ಪ್ರಿಂಟ್ ಹಾಕಿಸಿ ಮೂರು ಮನೆಗೆ ಕೊಡುತ್ತಿದ್ದೇನೆ.

ಕಳೆದ ದೀಪಾವಳಿಯಲ್ಲಿ ಅಮ್ಮನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಫೋಟೋದಲ್ಲಿ ಇರುವವರು ಯಾರು ಯಾರು ಅಂತ ಬರೆದಿಡದಿದ್ದರೆ ಮೂರು ಪ್ರತಿ ಇದ್ದು ಏನು ಪ್ರಯೋಜನ ಅನಿಸಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಳು. ನಾನು ಫೋಟೋದ ವಿವರದೊಳಗೇ ಟೈಪ್ ಮಾಡುತ್ತಾ ಹೋದೆ. "ಇವಳು ಮೇಲಿನ ಮನೆ ಸಾವಿತ್ರಿ. ಇದು ಶಾರದತ್ತೆ, ಆ ವರ್ಷವೇ ಸೊಸೆ ಬಂದಿದ್ದು. ಈ ಮೂಲೇಲಿ ಕೈ ಮಾತ್ರ ಕಾಣ್ತಿದೆಯಲ್ಲ, ಅದು ನಾನೇ, ಬಳೆ ನೋಡು." ಅಜ್ಜಿಯ ಪಕ್ಕ ಕೂತು, ಮುಖ ಅರ್ಧ ಈ ಕಡೆ ತಿರುಗಿಸಿದವಳ ಹತ್ತಿರ ಬಂದಾಗ ಅಮ್ಮ ನಿಂತಳು. ಅಜ್ಜಿಯನ್ನು ನಗಿಸಿದವಳು ಅವಳೇ. "ಇವಳು ಯಾರು... ಗೊತ್ತಾಗ್ತಾ ಇಲ್ವಲ್ಲೇ ಪುಟ್ಟಿ. ಆ ವರ್ಷ ಮಾತ್ರ ಬಂದಿದ್ಲು ಅನ್ಸುತ್ತೆ. ಚಿಕ್ಕಮ್ಮನ್ನ ಕೇಳು, ಅವಳಿಗೆ ಗೊತ್ತಿರುತ್ತೆ."

ಫೋಟೋವನ್ನು ಡಾಕ್ಯುಮೆಂಟ್ ಮಾಡಿ ಚಿಕ್ಕಮ್ಮನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಧ್ವನಿ ಸಂದೇಶ ಬಂತು. ಹಿಂದೆ ಕುಕ್ಕರಿನ ಸೀಟಿ. "ಅಯ್ಯೋ, ಅದು ಗೌರಿ ಅಲ್ವೇನೇ! ಘಟ್ಟದ ಕೆಳಗಿಂದ ಬಂದಿದ್ಲು, ಅಡಿಕೆ ಸುಲಿಯೋಕೆ. ಒಂದೇ ವರ್ಷ ಬಂದಿದ್ದು. ಅತ್ತೆಗೆ ಅವಳು ಅಂದ್ರೆ ಪ್ರಾಣ. ಎಲ್ಲರ ನಡಿಗೆನೂ ಅಣಕಿಸಿ ತೋರಿಸ್ತಿದ್ಲು."

ಗೌರಿ ಅಂತ ಟೈಪ್ ಮಾಡಿದೆ. ಅಮ್ಮ ಪಕ್ಕದಿಂದ, "ನಡಿಗೆ ಅಣಕಿಸ್ತಿದ್ಲು ಅಂತಾನೂ ಬರಿ" ಅಂದಳು. ಅದನ್ನೂ ಬರೆದೆ.